ತಿದಿಯ ಉಸಿರು, ಟ್ಯಾಂಗೊದ ನಡೆ

ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದಿಯ ಒಂದು ದಡದ ಬ್ಯೂನಸ್ ಐರಿಸ್, ಇನ್ನೊಂದು ದಡದ ಮಾಂಟೆವಿಡಿಯೊ, ಈ ಎರಡು ರೇವುಪಟ್ಟಣಗಳಲ್ಲಿ ಹುಟ್ಟಿ ಬೆಳೆದ ಟ್ಯಾಂಗೊ ನೃತ್ಯದ ಹೆಸರನ್ನು ಕೇಳದ ಓದುಗರು ವಿರಳ. ಆದರೆ ಆ ನೃತ್ಯಕ್ಕೆ ಉಸಿರನ್ನೀಯುವ ಬಂದೊನಿಯೋನ್ ಎಂಬ ವಾದ್ಯವನ್ನು ಬಲ್ಲವರು ನಮ್ಮಲ್ಲಿ ಹೆಚ್ಚು ಮಂದಿ ಇರಲಾರರು. ತುಟಿಗಳ ನಡುವೆ ಗುಲಾಬಿಯನ್ನು ಕಚ್ಚಿ ಹಿಡಿದ ಸುಂದರಿ, ಆಕೆಯನ್ನು ನೆಲದವರೆಗೂ ಬಾಗಿಸುವ ನರ್ತಕ, ಇವೆಲ್ಲ ಚಲನಚಿತ್ರದವರು ಕಟ್ಟಿದ ವೇಷ. ನಿಜವಾದ ಟ್ಯಾಂಗೊ ಬಹುಮಟ್ಟಿಗೆ ನಡಿಗೆಯೇ. ಆ ನಡಿಗೆಗೆ ಈಗಿರುವ ಗಾಂಭೀರ್ಯವೂ ವಿಷಾದವೂ ಒದಗಿದ್ದು ಈ ವಾದ್ಯದಿಂದ ಎಂದರೆ ಅತಿಶಯೋಕ್ತಿಯಾಗದು.

ನೋಡುವುದಕ್ಕೆ ಅದು ಅಂಥ ಚೆಲುವಾದ ವಸ್ತುವೇನೂ ಅಲ್ಲ. ಚೌಕವಾದ ಎರಡು ಮರದ ಪೆಟ್ಟಿಗೆಗಳು, ಅವುಗಳ ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗುವ ತಿದಿ, ಪೆಟ್ಟಿಗೆಗಳ ಹೊರಮೈಯಲ್ಲಿ ಬೆರಳಿಗೊತ್ತುವ ಬಿಳಿಯ ಗುಂಡಿಗಳು, ಕೈ ಜಾರದಂತೆ ಬಿಗಿಹಿಡಿಯುವ ಚರ್ಮದ ಪಟ್ಟಿಗಳು. ಇದರ ಒಳಗುಟ್ಟು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ನಮ್ಮ ನಾಟಕ ಕಂಪನಿಗಳ ರಂಗದ ಮುಂದೆ ಕಾಲಿನಿಂದ ತಿದಿಯೊತ್ತುತ್ತ ನುಡಿಸುತ್ತಿದ್ದ ಹಾರ್ಮೋನಿಯಂನಲ್ಲಿ ಗಾಳಿಯ ರಭಸಕ್ಕೆ ಲೋಹದ ರೀಡು ಕಂಪಿಸಿ ಹೇಗೆ ಸ್ವರ ಹೊರಡುತ್ತಿತ್ತೋ ಇಲ್ಲಿಯೂ ಹಾಗೆಯೇ. ಎರಡೂ ಹತ್ತೊಂಬತ್ತನೆಯ ಶತಮಾನದ ನಡುಗಾಲದ ಯೂರೋಪಿನ ಕೂಸುಗಳು, ಎರಡೂ ತವರನ್ನು ಬಿಟ್ಟು ಪರದೇಶದಲ್ಲಿ ಮನೆ ಮಾಡಿದುವು. ಆದರೆ ಹಾರ್ಮೋನಿಯಂನಲ್ಲಿ ಇಲ್ಲದ ಒಂದು ಕಷ್ಟ ಬಂದೊನಿಯೋನಿನಲ್ಲಿದೆ. ಒಂದೇ ಗುಂಡಿಯನ್ನು ಒತ್ತಿ ತಿದಿಯನ್ನು ಎಳೆದಾಗ ಒಂದು ಸ್ವರ, ಮುಚ್ಚಿದಾಗ ಇನ್ನೊಂದು ಸ್ವರ. ಬಲಗೈಗೆ 38, ಎಡಗೈಗೆ 33, ಒಟ್ಟು 71 ಗುಂಡಿಗಳು, ಅವುಗಳಿಂದ 142 ಸ್ವರಗಳು. ಒಂದೊಂದು ಸ್ವರಕ್ಕೂ ಸಪ್ತಕದ ಅಂತರವಿರುವ ಎರಡೆರಡು ರೀಡುಗಳು. ಈ ಗುಂಡಿಗಳಾದರೂ ಸರಿಗಮದ ಅನುಕ್ರಮದಲ್ಲಿ ಜೋಡಿಸಲ್ಪಟ್ಟಿವೆಯೇ ಎಂದರೆ ಅದೂ ಇಲ್ಲ. ಮೊದಲಿದ್ದ ಕೆಲವೇ ಗುಂಡಿಗಳ ಸುತ್ತ, ಬೇಕೆನಿಸಿದಾಗಲೆಲ್ಲ ಸ್ಥಳ ದೊರೆತಲ್ಲಿ ಹೊಸ ಗುಂಡಿಗಳನ್ನು ಸೇರಿಸುತ್ತ ಹೋದುದರಿಂದ, ಪಕ್ಕಪಕ್ಕದ ಸ್ವರಗಳು ಎಲ್ಲೆಲ್ಲಿಯೋ ಚದುರಿಹೋಗಿವೆ. ಎಳೆಯುವಾಗಿನ ಬಲಗೈ, ಎಳೆಯುವಾಗಿನ ಎಡಗೈ, ಮುಚ್ಚುವಾಗಿನ ಬಲಗೈ, ಮುಚ್ಚುವಾಗಿನ ಎಡಗೈ ಎಂದು ಸಾಧಕನು ನಾಲ್ಕು ಬೇರೆ ಬೇರೆ ನಕ್ಷೆಗಳನ್ನು ಬಾಯಿಪಾಠ ಮಾಡಬೇಕು. ನುಡಿಸುವಾಗ ಕೈಗಳ ಮೇಲೆ ಕಣ್ಣಾಡಿಸುವುದಕ್ಕೂ ಅವಕಾಶವಿಲ್ಲ. ಗುಂಡಿಗಳು ಇರುವುದು ಪಕ್ಕಕ್ಕೆ, ಕಣ್ಣಿಗೆ ಮರೆಯಾಗಿ.

ವಾದ್ಯಕ್ಕೆ ಹೆಸರು ಬಂದುದು ಜರ್ಮನಿಯ ಕ್ರೆಫೆಲ್ಡ್ ಪಟ್ಟಣದಲ್ಲಿ ಸಂಗೀತದ ಸಾಮಗ್ರಿಗಳನ್ನು ಮಾರುತ್ತಿದ್ದ ಹೈನ್‌ರಿಖ್ ಬಾಂಡ್ ಎಂಬಾತನಿಂದ. ಕೆಮ್‌ನಿಟ್ಸಿನ ಊಲಿಗ್ ಎಂಬಾತ ಅದಕ್ಕೆ ಮೊದಲೇ ರೂಪಿಸಿದ್ದ ಕನ್ಸರ್ಟೀನವನ್ನು ಈತ ವಿಸ್ತರಿಸಿದ. ಜರ್ಮನಿಯ ಶ್ರಮಜೀವಿಗಳು ಸಂಘಗಳನ್ನು ಕಟ್ಟಿಕೊಂಡು ಬಿಡುವಿನ ವೇಳೆಯಲ್ಲಿ ಇದನ್ನು ನುಡಿಸುತ್ತಿದ್ದರು. ಅದರಿಂದ ಹೊರಟುದು ಹಾಡು, ಲಾವಣಿ, ಕುಣಿತದ ಸರಳ ಮಟ್ಟುಗಳು. ವಾದ್ಯತಯಾರಿಕೆಯ ಕೇಂದ್ರವಾದುದು ಸ್ಯಾಕ್ಸನಿಯ ಬೆಟ್ಟಗಳ ನಡುವಿನ ಕಾರ್ಲ್ಸ್‌ಫೆಲ್ಡ್ ಎಂಬ ಹಳ್ಳಿ. ಅಲ್ಲಿ 1911ರಲ್ಲಿ ಆಲ್ಫ್ರೆಡ್ ಆರ್ನಾಲ್ಡನ ಹೆಸರಿನಲ್ಲಿ ಆರಂಭವಾದ ಕಾರ್ಖಾನೆಯ ವಾದ್ಯಗಳನ್ನು ಅರ್ಜೆಂಟೀನದವರು ಆತನ ಹೆಸರಿನ ಎರಡು ಮೊದಲಕ್ಷರಗಳಿಂದ 'ದೋಬ್ಲೆ ಆ' ಎಂದು ಇಂದಿಗೂ ಆದರದಿಂದ ಕರೆಯುತ್ತಾರೆ. ಆ ಮುದ್ರೆಯಿರುವ ಹಳೆಯ ವಾದ್ಯವೊಂದು ಮನೆಯಲ್ಲಿದ್ದರೆ ಅದು ಚಿನ್ನದ ಒಡವೆಗೆ ಕಡಮೆಯಾದುದಲ್ಲ.

ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಇಟಲಿ, ಸ್ಪೇನ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗೆಂದು ಹಡಗು ಹತ್ತಿ ಬಂದವರಿಂದ ಬ್ಯೂನಸ್ ಐರಿಸ್ ತುಂಬಿಹೋಗಿತ್ತು. 1914ರ ಜನಗಣತಿಯ ಕಾಲಕ್ಕೆ ಆ ನಗರವಾಸಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ನಡುವೆ ಎಲ್ಲರಿಗೂ ಸೇರಿದ ಅಂಗಳ, ಇಂಥ ವಠಾರಗಳಲ್ಲಿ ಆಫ್ರಿಕದ ಸಂತತಿಯವರ ತಾಳ, ಹುಲ್ಲುಗಾವಲಿನ ದನಗಾಹಿಗಳ ಹಾಡು, ಯೂರೋಪಿನ ಪೋಲ್ಕ, ಕ್ಯೂಬದಿಂದ ಬಂದ ಹಾಬನೇರ ಇವೆಲ್ಲ ಒಂದರೊಡನೊಂದು ಬೆರೆತು ಟ್ಯಾಂಗೊ ಆಯಿತು. ಆರಂಭದಲ್ಲಿ ಅದನ್ನು ನುಡಿಸುತ್ತಿದ್ದುದು ಕೊಳಲು, ಪಿಟೀಲು, ಗಿಟಾರುಗಳ ಚಿಕ್ಕ ಮೇಳ. ಗತಿ ಚುರುಕು, ಭಾವ ಲಘು, ತುಂಟತನವೇ ಹೆಚ್ಚು. ಆ ಮೇಳದೊಳಕ್ಕೆ ಬಂದೊನಿಯೋನ್ ಕಾಲಿಟ್ಟ ಮೇಲೆ ಕೊಳಲು ಹಿಂದೆ ಸರಿಯಿತು. ಈ ತೊಡಕಿನ ವಾದ್ಯದ ಮೇಲೆ ಆಗಿನ ವಾದಕರ ಬೆರಳುಗಳು ಓಡಲಾರದೆ ಹೋದುದರಿಂದ ಗತಿಯೇ ಕುಗ್ಗಿತೆಂದು ಹೇಳುವುದುಂಟು, ಅದರಲ್ಲಿ ಸತ್ಯಾಂಶವಿದ್ದೀತು. ಆದರೆ ನನಗೆ ತೋರುವ ಮುಖ್ಯ ಕಾರಣ ಬೇರೆ. ಕೊಳಲಿನ ಸ್ವರ ಹಾರಿಹೋಗುತ್ತದೆ. ತಿದಿಯಿಂದ ಹೊರಡುವ ಸ್ವರವಾದರೋ ಎಳೆದಷ್ಟೂ ಬೆಳೆಯುತ್ತದೆ, ತಡೆದಲ್ಲಿ ತುಂಡಾಗುತ್ತದೆ, ನಿಟ್ಟುಸಿರಿನಂತೆ ಇಳಿಯುತ್ತದೆ. ಊರುಬಿಟ್ಟು ಬಂದ ಜನಕ್ಕೆ ತಮ್ಮ ಮನಸ್ಸಿನ ಭಾರವನ್ನು ಹೊರಬಲ್ಲ ಧ್ವನಿಯೊಂದು ಬೇಕಾಗಿತ್ತು, ಅದು ಇಲ್ಲಿ ದೊರೆಯಿತು. ವಿಸೆಂತೆ ಗ್ರೇಕೊ, ಮೂವತ್ತೆರಡರ ಹರೆಯದಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಎದುವಾರ್ದೊ ಆರೋಲಾಸ್ ಮೊದಲಾದವರ ಕೈಯಲ್ಲಿ ಟ್ಯಾಂಗೊ ಮೇಳದ ಮುಂದಾಳುತನ ಈ ವಾದ್ಯಕ್ಕೆ ಸಂದಿತು. ಎರಡು ಬಂದೊನಿಯೋನ್, ಎರಡು ಪಿಟೀಲು, ಒಂದು ಪಿಯಾನೊ, ಒಂದು ಡಬಲ್ ಬಾಸ್ ಎಂಬ ಆರು ಮಂದಿಯ ಮೇಳವನ್ನು 1924ರ ಸುಮಾರಿಗೆ ಹೂಲಿಯೊ ದೆ ಕಾರೊ ಪರಿಷ್ಕಾರಗೊಳಿಸಿದ.

ಈ ಸಂದರ್ಭದಲ್ಲಿ ಪಾಕೀತ ಬೆರ್ನಾರ್ದೊ ಎಂಬ ತರುಣಿಯನ್ನು ನೆನೆಯದೆ ಮುಂದುವರಿಯುವುದು ನ್ಯಾಯವಲ್ಲ. ತಿದಿಯನ್ನು ಹಿಗ್ಗಿಸುವುದಕ್ಕೆ ಮೊಣಕಾಲುಗಳನ್ನು ಅಗಲಿಸಿ ಕೂರಬೇಕಾಗುತ್ತದೆಂಬ ಕಾರಣದಿಂದ ಈ ವಾದ್ಯ ಹೆಂಗಸರಿಗೆ ಸಲ್ಲದೆಂದು ಆ ಕಾಲದ ಸಭ್ಯರು ತೀರ್ಮಾನಿಸಿಬಿಟ್ಟಿದ್ದರು. ಪಾಕೀತ ಅದನ್ನು ಲೆಕ್ಕಿಸದೆ ತನ್ನದೇ ಮೇಳವನ್ನು ಕಟ್ಟಿ, 1921ರಲ್ಲಿ ಕೊರಿಯೆಂತೆಸ್ ಬೀದಿಯ ದೊಮಿಂಗೆಸ್ ಕಾಫಿಗೃಹದಲ್ಲಿ ನುಡಿಸಿದಳು. ಮುಂದೆ ಟ್ಯಾಂಗೊದ ಮಹಾಪಂಡಿತನೆನಿಸಿದ ಒಸ್ವಾಲ್ದೊ ಪುಗ್ಲಿಯೇಸೆ ಬಾಲ್ಯದಲ್ಲಿ ಆಕೆಯ ಮೇಳದ ಪಿಯಾನೊ ವಾದಕ. ಇಪ್ಪತ್ತೈದು ತುಂಬುವ ಮೊದಲೇ ಆಕೆ ತೀರಿಕೊಂಡಳು. ಆಕೆಯ ವಾದನದ ಒಂದೇ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ.

ವಾದ್ಯಕ್ಕೂ ನೃತ್ಯಕ್ಕೂ ಇರುವ ನಂಟನ್ನು ಕಾಣಬೇಕಾದುದು ರಂಗಸ್ಥಳದಲ್ಲಲ್ಲ, 'ಮಿಲೋಂಗ' ಎಂದು ಕರೆಯುವ ನೃತ್ಯಕೂಟಗಳಲ್ಲಿ. ಸಭಾಂಗಣದ ಅಂಚಿನಲ್ಲಿ ಮೇಜುಗಳು, ನಡುವೆ ನುಣುಪಾದ ಮರದ ನೆಲ. ಗಂಡಸು ಎದ್ದುಬಂದು ಕೈಚಾಚಿ ಕರೆಯುವ ಪದ್ಧತಿಯಿಲ್ಲ. ದೂರದಿಂದಲೇ ಕಣ್ಣಿಗೆ ಕಣ್ಣು ಸೇರಿದಾಗ ತಲೆಯನ್ನು ತುಸು ಆಡಿಸುತ್ತಾನೆ, ಆಕೆಗೆ ಸಮ್ಮತವಾದರೆ ಆಕೆಯೂ ಆಡಿಸುತ್ತಾಳೆ, ಇಲ್ಲವಾದರೆ ದೃಷ್ಟಿಯನ್ನು ಬೇರೆಡೆಗೆ ಹೊರಳಿಸುತ್ತಾಳೆ. ಇದರಿಂದ ನಾಲ್ಕು ಜನರೆದುರಿಗೆ ನಿರಾಕರಣೆಯ ಅವಮಾನ ಯಾರಿಗೂ ತಟ್ಟದು. ಸಭ್ಯತೆಯ ಎಷ್ಟು ಸೂಕ್ಷ್ಮವಾದ ಏರ್ಪಾಡು! ಒಂದೇ ಮೇಳದ ಮೂರು ನಾಲ್ಕು ಟ್ಯಾಂಗೊಗಳು ಒಂದು ಗೊಂಚಲಾಗಿ ಬರುತ್ತವೆ, ಅದು ಮುಗಿಯುವವರೆಗೂ ಜೊತೆಗಾರರನ್ನು ಬದಲಿಸಕೂಡದು. ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕಿನಲ್ಲಿ ಸುತ್ತುತ್ತಾರೆ. ಹೆಜ್ಜೆಗಳು ಮೊದಲೇ ಗೊತ್ತುಮಾಡಿದವಲ್ಲ. ಮುನ್ನಡೆಸುವವರ ಎದೆಯ ಸೂಚನೆಯಿಂದ ಮುಂದಿನ ಹೆಜ್ಜೆಯನ್ನು ಜೊತೆಗಾರರು ಅರಿಯಬೇಕು. ಬಂದೊನಿಯೋನ್ ಸ್ವರವನ್ನು ಎಳೆದು ಹಿಡಿದಾಗ ಕಾಲೊಂದು ನೆಲದ ಮೇಲೆ ನಿಧಾನವಾಗಿ ಜಾರುತ್ತ ಹೋಗುತ್ತದೆ. ವಾದಕನು ವಾದ್ಯವನ್ನು ತೊಡೆಗೆ ತಟ್ಟನೆ ಒತ್ತಿ ಸ್ವರವನ್ನು ಕತ್ತರಿಸಿದಾಗ ಆ ಕಾಲು ನಿಂತಲ್ಲೇ ನಿಲ್ಲುತ್ತದೆ. ಆ ನಿಲುಗಡೆಯನ್ನು ಬಲ್ಲವನೇ ನರ್ತಕ. ಹೆಜ್ಜೆಗಳ ಚಮತ್ಕಾರವನ್ನು ಯಾರು ಬೇಕಾದರೂ ಕಲಿತಾರು.

ಈ ವಾದನದ ಪರಮಾಚಾರ್ಯನೆಂದು ಅರ್ಜೆಂಟೀನದವರು ಗೌರವಿಸುವುದು ಆನೀಬಲ್ ಟ್ರೊಯಿಲೊನನ್ನು. ಆತನ ಜನ್ಮದಿನವಾದ ಜುಲೈ 11ನ್ನು ಬಂದೊನಿಯೋನ್ ದಿನವೆಂದು ಇಡೀ ರಾಷ್ಟ್ರವೇ ಆಚರಿಸುತ್ತದೆ. ಕಣ್ಣು ಮುಚ್ಚಿ, ಸ್ಥೂಲವಾದ ಶರೀರವನ್ನು ವಾದ್ಯದ ಮೇಲೆ ಬಾಗಿಸಿ ಆತ ನುಡಿಸುತ್ತಿದ್ದುದು ಕೆಲವೇ ಸ್ವರಗಳನ್ನು. 1939ರಲ್ಲಿ ಆತನ ಮೇಳಕ್ಕೆ ಸೇರಿದ ಹುಡುಗ ಆಸ್ಟರ್ ಪಿಯಾಸೊಲ್ಲ. ನ್ಯೂಯಾರ್ಕಿನಲ್ಲಿ ಬೆಳೆಯುತ್ತಿದ್ದ ಈತನಿಗೆ ತಂದೆ ಗಿರವಿ ಅಂಗಡಿಯೊಂದರಿಂದ ಹಳೆಯ ಬಂದೊನಿಯೋನನ್ನು ಕೊಂಡು ತಂದುಕೊಟ್ಟಿದ್ದ. ಪಿಯಾಸೊಲ್ಲ ಮೇಳಕ್ಕಾಗಿ ಬರೆಯುತ್ತಿದ್ದ ಸ್ವರಪ್ರಸ್ತಾರದಲ್ಲಿ ಹೆಚ್ಚಿನ ಭಾಗವನ್ನು ಟ್ರೊಯಿಲೊ ಅಳಿಸಿಬಿಡುತ್ತಿದ್ದ. ಕುಣಿಯುವವರ ಕಾಲಿಗೆ ಅಷ್ಟು ಸ್ವರಗಳು ಬೇಡವೆಂಬುದು ಆತನ ಮತ. ಮುಂದೆ ಪಿಯಾಸೊಲ್ಲ ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆಯ ಶಿಷ್ಯತ್ವ ವಹಿಸಿ, ಕುರ್ಚಿಯನ್ನು ತೊರೆದು ಒಂದು ಕಾಲನ್ನು ಎತ್ತರದಲ್ಲಿಟ್ಟು ನಿಂತೇ ನುಡಿಸುತ್ತ, ಟ್ಯಾಂಗೊವನ್ನು ನೃತ್ಯಶಾಲೆಯಿಂದ ಕಚೇರಿಯ ವೇದಿಕೆಗೆ ಒಯ್ದ. ಇದು ಟ್ಯಾಂಗೊವೇ ಅಲ್ಲವೆಂದು ಸಂಪ್ರದಾಯಸ್ಥರು ಕೆರಳಿದರು. ಇಬ್ಬರಲ್ಲಿ ಯಾರು ಹೆಚ್ಚೆಂದು ಕೇಳಿದರೆ ನನ್ನ ಒಲವು ಟ್ರೊಯಿಲೊನ ಕಡೆಗೇ. ಆದರೆ ಪಿಯಾಸೊಲ್ಲ ಇಲ್ಲದಿದ್ದರೆ ಈ ವಾದ್ಯದ ಧ್ವನಿ ಆ ಎರಡು ಪಟ್ಟಣಗಳಾಚೆ ಇಷ್ಟು ದೂರ ಕೇಳಿಬರುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿ ಇಬ್ಭಾಗವಾಗಿ, ಕಾರ್ಲ್ಸ್‌ಫೆಲ್ಡಿನ ಕಾರ್ಖಾನೆ ಸರ್ಕಾರದ ವಶವಾಗಿ, ಕಾಲಕ್ರಮದಲ್ಲಿ ಬಂದೊನಿಯೋನ್ ತಯಾರಿಕೆ ನಿಂತುಹೋಯಿತು. ಆಡುವವರು ಒಂದು ಖಂಡದಲ್ಲಿ, ಮಾಡುವವರು ಇನ್ನೊಂದು ಖಂಡದಲ್ಲಿ ಇದ್ದ ಕಲೆಗೆ ಇದು ದೊಡ್ಡ ಪೆಟ್ಟು. ಇದ್ದ ವಾದ್ಯಗಳನ್ನೂ ಪರದೇಶದ ಸಂಗ್ರಾಹಕರು ಕೊಂಡೊಯ್ಯತೊಡಗಿದಾಗ ಅರ್ಜೆಂಟೀನದ ಸಂಸತ್ತು 2009ರಲ್ಲಿ ಬಂದೊನಿಯೋನಿನ ಸಂರಕ್ಷಣೆಗೆಂದೇ ಶಾಸನವೊಂದನ್ನು ಮಾಡಿತು. ಅದೇ ವರ್ಷ ಯುನೆಸ್ಕೊ ಟ್ಯಾಂಗೊವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ವಾದ್ಯಗಳನ್ನು ಈಗ ಬದುಕಿಸುತ್ತಿರುವವರು ಬೆರಳೆಣಿಕೆಯ ರಿಪೇರಿಗಾರರು. ರೀಡಿನ ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಶ್ರುತಿ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಒಮ್ಮೆ ಕೆರೆದ ಉಕ್ಕನ್ನು ಮರಳಿ ತುಂಬುವಂತಿಲ್ಲವಾದ್ದರಿಂದ, ಎರಡು ಮೂರು ತಲೆಮಾರು ಶ್ರುತಿಗೊಂಡ ರೀಡು ತೆಳ್ಳಗಾಗುತ್ತ ಬರುತ್ತದೆ.

ಜರ್ಮನಿಯಲ್ಲಿಯೂ ಅರ್ಜೆಂಟೀನದಲ್ಲಿಯೂ ಕೆಲವು ಕುಶಲಕರ್ಮಿಗಳು ಮತ್ತೆ ಹೊಸ ವಾದ್ಯಗಳನ್ನು ಕಟ್ಟುತ್ತಿದ್ದಾರೆ. ಬ್ಯೂನಸ್ ಐರಿಸ್ಸಿನ ನೆರೆಯ ಲಾನೂಸ್ ವಿಶ್ವವಿದ್ಯಾಲಯವು ಕಲಿಯುವ ಮಕ್ಕಳಿಗೆ ಕೈಗೆಟುಕುವ ಬಂದೊನಿಯೋನೊಂದನ್ನು ರೂಪಿಸಿ, ಅದಕ್ಕೆ ಟ್ರೊಯಿಲೊನ ಮುದ್ದಿನ ಹೆಸರಾದ ಪಿಚೂಕೊ ಎಂಬುದನ್ನೇ ಇಟ್ಟಿದೆ. ಹೊಸದಾಗಿ ಮಾಡುವವರಿಗೆ ಗುಂಡಿಗಳ ಆ ಹಳೆಯ ಗೊಂದಲವನ್ನೇಕೆ ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎಳೆದರೂ ಮುಚ್ಚಿದರೂ ಒಂದೇ ಸ್ವರ ಬರುವ, ಕ್ರಮಬದ್ಧವಾದ ವಿನ್ಯಾಸಗಳನ್ನು ಯೂರೋಪಿನಲ್ಲಿ ಹಿಂದೆಯೇ ಮಾಡಿ ನೋಡಿದ್ದುಂಟು. ಟ್ಯಾಂಗೊದವರು ಅವನ್ನು ಒಪ್ಪಲಿಲ್ಲ. ತಿದಿಯನ್ನು ತೊಡೆಯ ಮೇಲೆ ಇಳಿಬಿಟ್ಟು ಎಳೆಯುತ್ತಲೇ ಒಂದು ಇಡೀ ಸಂಗತಿಯನ್ನು ಮುಗಿಸಿ, ಬಲಗೈ ಹೆಬ್ಬೆರಳಿನಿಂದ ಗಾಳಿಯ ಬಾಯನ್ನು ತೆರೆದು ಸದ್ದಿಲ್ಲದೆ ಮುಚ್ಚಿಕೊಂಡು ಮತ್ತೆ ಎಳೆಯುವುದು ಅವರ ವಾದನಕ್ರಮ; ಅವರ ಸಂಗೀತದ ಎಷ್ಟೋ ಪಲುಕುಗಳು ಹುಟ್ಟಿದ್ದೇ ಆ ವಕ್ರವಾದ ನಕ್ಷೆಯ ಮೇಲೆ ಬೆರಳು ಸುಲಭವಾಗಿ ಬೀಳುವ ಎಡೆಗಳಿಂದ. ಲಾನೂಸಿನ ಮಕ್ಕಳೂ ನಾಲ್ಕು ನಕ್ಷೆಗಳನ್ನೇ ಕಲಿಯುತ್ತಿದ್ದಾರೆ.