ಕೊಯ್ಲಿಗೆ ಕೋಟಿ, ಬಿತ್ತನೆಗೆ ಬರ

ಜಪಾನಿನ ಯೊಕೊಹಾಮಾದಲ್ಲಿರುವ ತೊಯಿನ್ ವಿಶ್ವವಿದ್ಯಾಲಯ ಆ ದೇಶದ ಪ್ರತಿಷ್ಠಿತ ವಿದ್ಯಾಸಂಸ್ಥೆಗಳ ಸಾಲಿಗೆ ಸೇರಿದ್ದಲ್ಲ. 2009ರಲ್ಲಿ ಅಲ್ಲಿನ ಪ್ರಾಧ್ಯಾಪಕ ತ್ಸುತೊಮು ಮಿಯಾಸಾಕ ಮತ್ತು ಅವರೊಡನೆ ದುಡಿಯುತ್ತಿದ್ದ ಸಂಶೋಧನಾ ವಿದ್ಯಾರ್ಥಿ ಅಕಿಹಿರೊ ಕೊಜಿಮ, ಪೆರೊವ್‌ಸ್ಕೈಟ್ ಎಂಬ ಹರಳು ರಚನೆಯ ವಸ್ತು ಬಳಸಿದ ಸೌರಕೋಶವೊಂದರ ವಿವರ ಪ್ರಕಟಿಸಿದರು. ಬಿದ್ದ ಬೆಳಕಿನಲ್ಲಿ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದುದು ಶೇ 3.8ರಷ್ಟನ್ನು ಮಾತ್ರ. ಅದೂ ಅಲ್ಪಕಾಲ, ಕೋಶದೊಳಗಿನ ದ್ರಾವಣವೇ ಆ ವಸ್ತುವನ್ನು ಕರಗಿಸಿಬಿಡುತ್ತಿತ್ತು. ಈ ಅಂಕಿಯನ್ನು ಹಿಡಿದು ಬಂದವರನ್ನು ಯಾವ ಉದ್ಯಮಿ ತಾನೆ ಕುಳಿತುಕೊಳ್ಳಿ ಎಂದಾನು? ಆದರೆ 2012ರಲ್ಲಿ ಆಕ್ಸ್‌ಫರ್ಡ್‌ನ ಹೆನ್ರಿ ಸ್ನೈತ್ ತಂಡ ಮಿಯಾಸಾಕರೊಡನೆ ಸೇರಿ, ದ್ರಾವಣವಿಲ್ಲದ ಘನಕೋಶದಲ್ಲಿ ಶೇ 11ರ ಸಮೀಪ ತಲುಪಿತು. ಸಿಲಿಕಾನಿನ ಮೇಲೆ ಪೆರೊವ್‌ಸ್ಕೈಟ್ ಪದರವನ್ನು ಕೂರಿಸಿದ ಜೋಡಿಕೋಶ 2024ರಲ್ಲಿ ಶೇ 34ನ್ನು ದಾಟಿತು. ಬಾಳಿಕೆಯ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ, ಆ ಮಾತು ಬೇರೆ.

ಶೇ 3.8ರ ಘಟ್ಟದಲ್ಲಿರುವ ಕಲ್ಪನೆಗೆ ನಮ್ಮಲ್ಲಿ ಹಣ ಕೊಡುವವರು ಯಾರು? ಇಂಧನದ ಹೆಸರಿನಲ್ಲಿ ಹಣವೇ ಇಲ್ಲವೆಂದಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯ ಗಾತ್ರ 19,744 ಕೋಟಿ ರೂಪಾಯಿ. ಅದರಲ್ಲಿ 17,490 ಕೋಟಿ ಉತ್ಪಾದನೆಯ ಪ್ರೋತ್ಸಾಹಧನಕ್ಕೆ; ಸಂಶೋಧನೆಯ ಪಾಲು 400 ಕೋಟಿ, ಅಂದರೆ ನೂರಕ್ಕೆ ಎರಡು. 2025ರ ಜುಲೈನಲ್ಲಿ ಒಪ್ಪಿಗೆ ಪಡೆದ ಒಂದು ಲಕ್ಷ ಕೋಟಿಯ ಸಂಶೋಧನೆ ಮತ್ತು ನಾವೀನ್ಯ ನಿಧಿಯೂ, ತಂತ್ರಜ್ಞಾನ ಸಿದ್ಧತೆಯ ಒಂಬತ್ತು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನು ಏರಿದವರಿಗಷ್ಟೇ ಮೀಸಲು. ಮೊದಲ ಮೂರನ್ನು ಏರುವಾಗಲೇ ಅಲ್ಲವೆ ಕಾಲು ಜಾರುವುದು?

ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಇದಕ್ಕೆಂದೇ 2008ರಿಂದ ಬೀಜನಿಧಿಯೊಂದನ್ನು ನಡೆಸುತ್ತ ಬಂದಿದೆ. ಹಲವು ವರ್ಷಗಳ ಕಾಲ ಆಯ್ಕೆಯಾದ ಪ್ರತಿ ಕಲ್ಪನೆಗೆ ಸಿಕ್ಕಿದ್ದು ಒಂದೂವರೆ ಲಕ್ಷ ಡಾಲರ್. ಹಣ ಬರುವುದು ಸದಸ್ಯ ಕಂಪೆನಿಗಳಿಂದ. ಇಂಧನ ಕ್ಷೇತ್ರಕ್ಕೆ ಹೊಸಬರಾದ ಅಧ್ಯಾಪಕರೂ ಅಲ್ಲಿ ಅರ್ಜಿ ಹಾಕುತ್ತಾರೆ ಎಂಬುದು ನನಗೆ ಮೊತ್ತಕ್ಕಿಂತ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಾದರೋ ಅರ್ಜಿಯ ಮೊದಲ ಪುಟದಲ್ಲೇ ಹಿಂದಿನ ಸಾಧನೆಯ ಪಟ್ಟಿ ಬೇಕು, ಕೊನೆಯ ಪುಟದಲ್ಲಿ ಮುಂದಿನ ಫಲದ ಭರವಸೆ ಬೇಕು. ಪ್ರಯೋಗ ಸೋತರೆ ಉಳಿಯುವುದು ಲೆಕ್ಕಪರಿಶೋಧಕರ ಆಕ್ಷೇಪಣೆ.

ನಮಗೆ ಅಷ್ಟು ದೊಡ್ಡ ಮೊತ್ತವೂ ಬೇಕಿಲ್ಲ. 2023ರಲ್ಲಿ ಪರಿಷ್ಕೃತವಾದ ದರದಂತೆ ಕಿರಿಯ ಸಂಶೋಧಕರೊಬ್ಬರ ವೇತನ ತಿಂಗಳಿಗೆ 37,000 ರೂಪಾಯಿ, ವರ್ಷಕ್ಕೆ 4.44 ಲಕ್ಷ. ರಾಸಾಯನಿಕ, ಗಾಜಿನ ಸಾಮಾನು, ಬೇರೆಡೆಯ ಉಪಕರಣದ ಬಾಡಿಗೆ ಎಲ್ಲ ಸೇರಿ 10 ಲಕ್ಷದಲ್ಲಿ ಒಂದು ಕಲ್ಪನೆಗೆ ಒಂದು ವರ್ಷದ ಆಯುಸ್ಸು ದೊರೆಯುತ್ತದೆ. ಜಲಜನಕದ ಆ 400 ಕೋಟಿಯಲ್ಲಿ ನೂರನೆಯ ಒಂದು ಪಾಲನ್ನು ತೆಗೆದಿಟ್ಟರೆ ಅಂಥ 40 ಕಲ್ಪನೆಗಳು ಬದುಕುತ್ತವೆ. ಮೂವತ್ತೈದು ಸತ್ತರೂ ನಷ್ಟವೇನಲ್ಲ.

ಇದು ಕರ್ನಾಟಕಕ್ಕೆ ಹೊಸ ಪಾಠವೂ ಅಲ್ಲ. ವಿದ್ಯುತ್ ರಸಾಯನ ವಿಜ್ಞಾನಿಯಾಗಿ ಹೆಸರು ಮಾಡಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ವನ್ನು ಕಟ್ಟಿದಾಗ, ಸಗಣಿ ಅನಿಲ, ಸೌದೆ ಒಲೆಗಳು ಘನವಿಜ್ಞಾನದ ವಿಷಯವೇ ಎಂದು ಹುಬ್ಬೇರಿಸುವುದು ಸುಲಭವಿತ್ತು. ಅದೇ ಚಿಂತನೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅನಿಲ ಸ್ಥಾವರವಾಗಿ, 1987ರಿಂದ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟಿತು.

ರೆಡ್ಡಿಯವರು ಕಾರ್ಯದರ್ಶಿಯಾಗಿದ್ದ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಕೆಲವು ಸಾವಿರ ರೂಪಾಯಿಗಳ ನೆರವು ನೀಡುತ್ತಿದೆ. ವಿದ್ಯಾರ್ಥಿ ಪದವಿ ಪಡೆದು ಹೊರನಡೆದ ಮೇಲೆ ಎಷ್ಟೋ ಮಾದರಿಗಳು ಕಾಲೇಜಿನ ಮೂಲೆಯಲ್ಲಿ ದೂಳು ಹಿಡಿಯುತ್ತವೆ. ಅವುಗಳಲ್ಲಿ ಹುರುಳಿರುವ ಹತ್ತನ್ನು ಆರಿಸಿ, ಮಾರ್ಗದರ್ಶನ ಮಾಡಿದ ಅಧ್ಯಾಪಕರ ಕೈಗೆ ತಲಾ 10 ಲಕ್ಷ ಕೊಟ್ಟು, ಇನ್ನೊಂದು ವರ್ಷ ಮುಂದುವರಿಸಿ ಎನ್ನಲು ರಾಜ್ಯ ಸರ್ಕಾರಕ್ಕೆ ಬೇಕಾಗುವುದು ಒಂದು ಕೋಟಿ ರೂಪಾಯಿ.