‘ನಾನರಿಯೆ’ ಎಂಬ ಮಾತಿನ ಬೆಲೆ

ಪರಭಾಷೆಯ ಕವಿತೆಯನ್ನು ಅನುವಾದದಲ್ಲಿ ಓದುವುದೆಂದರೆ ಗೋಡೆಯಾಚೆಯ ಸಂಗೀತವನ್ನು ಕೇಳಿದಂತೆ. ರಾಗ ತಿಳಿಯುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು. ಪೋಲೆಂಡಿನ ಕವಯಿತ್ರಿ ವಿಸ್ಲಾವಾ ಶಿಂಬೋರ್ಸ್ಕಾ ಅವರ ಕವಿತೆಗಳನ್ನು ಇಂಗ್ಲಿಷಿನಲ್ಲಿ ಓದಿದಾಗ ಆದ ಅನುಭವ ಇದಕ್ಕೆ ತೀರ ವಿರುದ್ಧವಾದುದು. ಮಾತು ಸ್ಪಷ್ಟವಾಗಿ ಕೇಳಿಸಿತು. ರಾಗವನ್ನು ಮಾತ್ರ ಊಹಿಸಿಕೊಳ್ಳಬೇಕಾಯಿತು.

ನಾನು ಓದಿದ್ದು ‘ಮರಳ ಕಣವಿರುವ ನೋಟ’ ಎಂಬ ಅರ್ಥದ ಹೆಸರುಳ್ಳ ಸಂಕಲನ. ಸ್ವತಃ ಕವಿಯಾಗಿದ್ದ ಸ್ತಾನಿಸ್ಲಾವ್ ಬರಾಂಚಾಕ್ ಹಾಗೂ ವಿದುಷಿ ಕ್ಲೇರ್ ಕ್ಯಾವನಾ ಸೇರಿ ಅನುವಾದಿಸಿದ 100 ಕವಿತೆಗಳು ಅದರಲ್ಲಿವೆ. ಪುಸ್ತಕ ಹೊರಬಂದದ್ದು 1995ರಲ್ಲಿ. ಮರುವರ್ಷವೇ ಕವಯಿತ್ರಿಗೆ ನೊಬೆಲ್ ಪುರಸ್ಕಾರ ದೊರೆಯಿತು.

1923ರಲ್ಲಿ ಪೊಜ್ನಾನ್ ನಗರದ ಸಮೀಪ ಹುಟ್ಟಿದ ಶಿಂಬೋರ್ಸ್ಕಾ ಬಾಲ್ಯದಲ್ಲಿಯೇ ಕ್ರಾಕೋವ್‌ಗೆ ಬಂದು, 2012ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನವರಾಗಿಯೇ ಉಳಿದರು. ಜರ್ಮನರ ಆಕ್ರಮಣದ ವರ್ಷಗಳಲ್ಲಿ ಗುಟ್ಟಾಗಿ ನಡೆಯುತ್ತಿದ್ದ ತರಗತಿಗಳಲ್ಲಿ ಓದಿದರು. ಕಡ್ಡಾಯ ದುಡಿಮೆಗಾಗಿ ಜರ್ಮನಿಗೆ ಸಾಗಿಸಲ್ಪಡುವುದನ್ನು ತಪ್ಪಿಸಿಕೊಳ್ಳಲು ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದರು. ಯುದ್ಧದ ನಂತರ ವಿಶ್ವವಿದ್ಯಾಲಯಕ್ಕೆ ಸೇರಿದರೂ ಪದವಿ ಪಡೆಯದೆಯೇ 1948ರಲ್ಲಿ ಹೊರಬಂದರು. 1953ರಿಂದ 1981ರವರೆಗೆ ಕ್ರಾಕೋವ್‌ನ ಸಾಹಿತ್ಯಕ ವಾರಪತ್ರಿಕೆಯೊಂದರಲ್ಲಿ ದುಡಿದರು. ಅಷ್ಟು ದೀರ್ಘವಾದ ಬಾಳಿನಲ್ಲಿ ಅವರು ಪ್ರಕಟಿಸಿದ ಕವಿತೆಗಳು ಸುಮಾರು 350 ಮಾತ್ರ.

ಇನ್ನು ಭಾಷೆಯ ಮಾತು. ಪೋಲಿಷ್ ಭಾಷೆಯಲ್ಲಿ, ನಮ್ಮ ಕನ್ನಡದಲ್ಲಿರುವಂತೆಯೇ, ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳು ಹತ್ತುತ್ತವೆ. ಆದ್ದರಿಂದ ಪದಗಳನ್ನು ಹಿಂದುಮುಂದಾಗಿ ಇಡುವ ಸ್ವಾತಂತ್ರ್ಯ ಕವಿಗೆ ಹೆಚ್ಚು. ಕ್ರಿಯಾಪದವೇ ಕರ್ತೃವನ್ನು ಸೂಚಿಸುವುದರಿಂದ ‘ನಾನು’ ಎಂಬುದನ್ನು ಬಿಟ್ಟು ಹೇಳಬಹುದು. ಇಂಗ್ಲಿಷಿನ ‘ಎ’, ‘ದಿ’ ಎಂಬ ಪುಟ್ಟ ಪದಗಳು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಸಂಕಲನದ ಹೆಸರಿನಲ್ಲಿರುವ ಮರಳ ಕಣ ಯಾವುದೋ ಒಂದು ಕಣವೋ, ಇಗೋ ಈ ಕಣವೋ ಎಂಬುದನ್ನು ಇಂಗ್ಲಿಷ್ ಅನುವಾದಕರು ತೀರ್ಮಾನಿಸಲೇಬೇಕು. ಪೋಲಿಷ್ ಕವಿಗೆ ಆ ಬಲವಂತವಿಲ್ಲ. ಆ ಪದದ ಪೋಲಿಷ್ ರೂಪದಲ್ಲಿ ‘ಪುಟ್ಟ’ ಎನ್ನುವ ಅಕ್ಕರೆಯ ಪ್ರತ್ಯಯವೊಂದಿದೆ. ಇಂಗ್ಲಿಷಿಗೆ ಬರುವಾಗ ಅದು ಉದುರಿಹೋಗಿದೆ. ಕನ್ನಡಕ್ಕೆ ತಪ್ಪಿಹೋಗುವ ಸೂಕ್ಷ್ಮಗಳೂ ಇವೆ. ನಾವು ‘ಬಂದೆ’ ಎಂದರೆ ಬಂದವರು ಹೆಣ್ಣೋ ಗಂಡೋ ತಿಳಿಯದು. ಪೋಲಿಷ್ ಭಾಷೆಯ ಭೂತಕಾಲದಲ್ಲಿ ಅದು ಕ್ರಿಯಾಪದದಿಂದಲೇ ತಿಳಿಯುತ್ತದೆ.

ಇಷ್ಟೆಲ್ಲ ನಷ್ಟವಾದ ಮೇಲೆಯೂ ಈ ಕವಿತೆಗಳು ನಮ್ಮನ್ನು ಮುಟ್ಟುವುದಕ್ಕೆ ಕಾರಣ, ಅವುಗಳ ಜೀವ ನಾದದಲ್ಲಿ ಮಾತ್ರವಲ್ಲದೆ ನೋಡುವ ಬಗೆಯಲ್ಲಿಯೂ ಇರುವುದು. ಮರಳಿಗೆ ಮರಳೆಂದು ಹೆಸರಿಟ್ಟವರು ನಾವು, ಅದಕ್ಕೆ ಆ ಹೆಸರಿನ ಗೊಡವೆಯೇ ಇಲ್ಲ ಎಂಬಲ್ಲಿಂದ ಹೊರಡುವ ಕವಿತೆ ಕಿಟಕಿಯಾಚೆಯ ಸರೋವರ, ಆಕಾಶಗಳವರೆಗೆ ಅದೇ ಸಂದೇಹವನ್ನು ಒಯ್ಯುತ್ತದೆ. ಯುದ್ಧವನ್ನು ಕುರಿತ ಇನ್ನೊಂದು ಕವಿತೆಯಲ್ಲಿ ವೀರರಿಲ್ಲ. ಯುದ್ಧ ಮುಗಿದ ಮೇಲೆ ಕಸ ಗುಡಿಸುವವರಿದ್ದಾರೆ. ಹೆಣದ ಗಾಡಿ ಸಾಗಲು ಯಾರೋ ದಾರಿಯ ಅವಶೇಷಗಳನ್ನು ಸರಿಸಬೇಕು, ಯಾರೋ ತೊಲೆ ಹೊರಬೇಕು, ಕಿಟಕಿಗೆ ಗಾಜು ಹಾಕಬೇಕು. ಛಾಯಾಗ್ರಾಹಕರು ಅಷ್ಟರಲ್ಲಿ ಬೇರೊಂದು ಯುದ್ಧಕ್ಕೆ ಹೊರಟುಹೋಗಿರುತ್ತಾರೆ.

ಅವರ ಬಾಳಸಂಗಾತಿಯಾಗಿದ್ದ ಲೇಖಕ ಕೊರ್ನೆಲ್ ಫಿಲಿಪೋವಿಚ್ 1990ರಲ್ಲಿ ತೀರಿಕೊಂಡರು. ಆ ದುಃಖದಿಂದ ಹುಟ್ಟಿದ ಕವಿತೆಯಲ್ಲಿ ಅಳುವವರು ಯಾರೂ ಇಲ್ಲ. ಖಾಲಿ ಮನೆಯಲ್ಲಿ ಒಂದು ಬೆಕ್ಕಿದೆ. ಮೆಟ್ಟಿಲ ಮೇಲಿನ ಹೆಜ್ಜೆಯ ಸಪ್ಪಳ ಬೇರೆ, ಮೀನು ಇಡುವ ಕೈ ಬೇರೆ. ಅವನು ಬರಲಿ, ಓಡಿಹೋಗಿ ಮೈಮೇಲೆ ಬೀಳುವುದಿಲ್ಲ, ಬೇಡದ ಮನಸ್ಸಿನಿಂದೆಂಬಂತೆ ಮೆಲ್ಲಗೆ ಹೋಗುತ್ತೇನೆ ಎಂದು ಬೆಕ್ಕು ಮುನಿಸಿಕೊಂಡಿದೆ. ಸಾವು ಎಂದರೇನೆಂದು ಅದಕ್ಕೆ ತಿಳಿಯದು. ನಮಗಾದರೂ ಎಷ್ಟು ತಿಳಿದಿದೆ? ವ್ಯಂಗ್ಯವು ಹೃದಯದ ತಂಪು ಎಂದು ಭಾವಿಸಿದ್ದ ನನಗೆ, ಅದು ಶೋಕದ ಮರ್ಯಾದೆಯೂ ಆಗಬಲ್ಲುದೆಂದು ಮನಗಾಣಿಸಿದ ಕವಿತೆ ಇದು.

ಆಯ್ದ ಕವಿತೆಗಳನ್ನು ಓದುವವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಆಯ್ಕೆಯಲ್ಲಿ ಬಿಟ್ಟಿರುವುದು ಏನನ್ನು? ಈ ಸಂಕಲನ ಆರಂಭವಾಗುವುದು 1957ರ ಕವಿತೆಗಳಿಂದ. ಆದರೆ 1952 ಮತ್ತು 1954ರಲ್ಲಿ ಅವರ ಎರಡು ಸಂಗ್ರಹಗಳು ಆಗಲೇ ಪ್ರಕಟವಾಗಿದ್ದವು. ಅವುಗಳಲ್ಲಿ ಅಂದಿನ ಪ್ರಭುತ್ವ ಬಯಸಿದ ಸಮಾಜವಾದಿ ವಾಸ್ತವತೆಯ ಘೋಷಣೆಗಳಿದ್ದವು. 1953ರಲ್ಲಿ ಕ್ರಾಕೋವ್‌ನ ಪಾದ್ರಿಗಳ ಮೇಲೆ ನಡೆದ ವಿಚಾರಣೆಯನ್ನು ಬೆಂಬಲಿಸಿ ಲೇಖಕರು ಹೊರಡಿಸಿದ ನಿರ್ಣಯದಲ್ಲಿ ಅವರ ರುಜುವೂ ಇತ್ತು. ಮುಂದೆ ಅವರು ಆ ಎರಡು ಸಂಗ್ರಹಗಳನ್ನು ತಮ್ಮವಲ್ಲವೆಂಬಂತೆ ದೂರವಿಟ್ಟರು. 1966ರಲ್ಲಿ ಕಮ್ಯೂನಿಸ್ಟ್ ಪಕ್ಷವನ್ನೂ ತೊರೆದರು. ಇದನ್ನು ಹೇಳುವುದು ಅವರನ್ನು ಕಿರಿದುಗೊಳಿಸುವುದಕ್ಕಲ್ಲ. ಇದನ್ನರಿಯದೆ ಓದಿದರೆ ಅವರ ಸಂದೇಹ ಹುಟ್ಟುಗುಣವಾದ ಒಂದು ಜಾಣತನದಂತೆ ಕಾಣುತ್ತದೆ. ಅರಿತು ಓದಿದರೆ, ಒಮ್ಮೆ ಎಲ್ಲವನ್ನೂ ಬಲ್ಲೆನೆಂದು ನಂಬಿ ಕೆಟ್ಟವರೊಬ್ಬರು ಬೆಲೆ ತೆತ್ತು ಕೊಂಡ ವಿವೇಕ ಅದೆಂಬುದು ಗೊತ್ತಾಗುತ್ತದೆ.

1996ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಮಾಡಿದ ನೊಬೆಲ್ ಭಾಷಣದಲ್ಲಿ ಅವರು ಎತ್ತಿಹಿಡಿದದ್ದು ‘ನಾನರಿಯೆ’ ಎಂಬ ಪುಟ್ಟ ಮಾತನ್ನು. ಸ್ಫೂರ್ತಿ ಹುಟ್ಟುವುದು ಅಲ್ಲಿಂದಲೇ ಎಂದರು. ನಿರಂಕುಶರೂ ಮತಾಂಧರೂ ತಮ್ಮ ಕೆಲಸವನ್ನು ಉತ್ಸಾಹದಿಂದಲೇ ಮಾಡುತ್ತಾರೆ, ಆದರೆ ಅವರಿಗೆ ತಿಳಿದಿದೆ, ತಿಳಿದದ್ದು ಅವರಿಗೆ ಸಾಕಾಗಿದೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಹೀಗೆ ನುಡಿದಾಗ ತಮ್ಮ ಹಳೆಯ ರುಜು ಅವರ ಕಣ್ಣ ಮುಂದೆ ಇದ್ದಿರಬಹುದು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ವರ್ಷವರ್ಷವೂ ಪ್ರಶ್ನೆಪತ್ರಿಕೆಗಳಲ್ಲಿ ‘ಈ ಕವಿತೆಯ ಸಂದೇಶವೇನು?’ ಎಂದು ಕೇಳಿದವನು ನಾನು. ಉತ್ತರ ನನ್ನ ಟಿಪ್ಪಣಿಯಲ್ಲಿ ಸಿದ್ಧವಾಗಿರುತ್ತಿತ್ತು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, ಸಂದೇಶ ಕವಿಗೇ ತಿಳಿದಂತಿಲ್ಲ, ಅವರೂ ಅದನ್ನು ಹುಡುಕುತ್ತಿರುವಂತಿದೆ ಎಂದು ಬರೆದಿದ್ದಳು. ನಾನು ಸೊನ್ನೆ ಕೊಟ್ಟೆ. ಬೆಕ್ಕಿನ ಕವಿತೆಯನ್ನು ಓದಿ ಮುಗಿಸಿದ ರಾತ್ರಿ ನನಗೆ ನೆನಪಾದದ್ದು ಆ ಉತ್ತರಪತ್ರಿಕೆ. ಆಕೆ ಈಗ ಎಲ್ಲಿದ್ದಾಳೋ, ಕವಿತೆ ಓದುವುದನ್ನು ಬಿಟ್ಟಳೋ ಏನೋ. ಇಂದಾಗಿದ್ದರೆ ಆ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟು, ನನ್ನ ಪ್ರಶ್ನೆಯನ್ನೇ ಹೊಡೆದುಹಾಕುತ್ತಿದ್ದೆ.

ಶಿಂಬೋರ್ಸ್ಕಾ ಅವರನ್ನು ಹೊಸದಾಗಿ ಓದಹೊರಡುವವರಿಗೆ ನನ್ನ ಸೂಚನೆ ಇಷ್ಟೆ: ದಿನಕ್ಕೊಂದೇ ಕವಿತೆ ಓದಿರಿ. ಓದಿದ ಕೂಡಲೇ ಅರ್ಥವಾಯಿತೆಂದು ಅನ್ನಿಸುತ್ತದೆ, ಏಕೆಂದರೆ ಮಾತು ಅಷ್ಟು ಸರಳ. ಮರುದಿನ ಅದನ್ನೇ ಇನ್ನೊಮ್ಮೆ ಓದಿರಿ.