ನೀಲಿ ಸೀಸೆಯೂ ಎಲೆಯಡಿಕೆಯ ತಟ್ಟೆಯೂ

ದಂತಧಾವನದ ಸಾಮಗ್ರಿ ಎಂದರೆ ದಾವಣಗೆರೆಯ ಮನೆಗಳಲ್ಲಿ ಒಂದು ಕಾಲಕ್ಕೆ ಬೇವಿನ ಕಡ್ಡಿ, ಇದ್ದಿಲ ಪುಡಿ, ಚಿಟಿಕೆ ಉಪ್ಪು, ಇಷ್ಟೇ. ಇಂದು ಬಚ್ಚಲುಮನೆಯ ಕನ್ನಡಿಯ ಕೆಳಗೆ ಬ್ರಷ್ಷಿದೆ, ಪೇಸ್ಟಿದೆ. ಅವುಗಳ ಪಕ್ಕದಲ್ಲಿ ನೀಲಿಯದೋ ಹಸುರಿನದೋ ಒಂದು ಸೀಸೆಯೂ ಬಂದು ನಿಂತಿದೆ. ಮುಚ್ಚಳದಲ್ಲಿ ಸುರಿದುಕೊಂಡು ಅರ್ಧ ನಿಮಿಷ ಮುಕ್ಕಳಿಸಿ ಉಗುಳಿದರೆ ಬಾಯಿ ತಣ್ಣಗಾಗುತ್ತದೆ, ಉಸಿರು ಘಮಘಮಿಸುತ್ತದೆ. ಕಚೇರಿಗೆ ಹೊರಡುವ ಗೃಹಸ್ಥನಿಗೂ ಕಾಲೇಜಿಗೆ ಹೊರಡುವ ಮಗಳಿಗೂ ಅದು ನಿತ್ಯವಿಧಿಗಳಲ್ಲೊಂದಾಗಿದೆ. ಮೌತ್‌ವಾಶ್ ಎಂಬ ಹೆಸರಿನ ಈ ದ್ರವದೊಡನೆ ಒಂದು ಭಯವೂ ಮನೆಯನ್ನು ಹೊಕ್ಕಿದೆ: ಇದರಿಂದ ಬಾಯಿಯ ಕ್ಯಾನ್ಸರ್ ಬರುತ್ತದಂತೆ!

ಅಂತೆ ಕಂತೆಗಳ ಸಂತೆಯಲ್ಲಿ ಸತ್ಯಕ್ಕೆ ಗಿರಾಕಿಗಳು ಕಡಮೆ. ಆದರೆ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ವಿಜ್ಞಾನಿಗಳು ನಾಲ್ಕು ದಶಕಗಳಿಗೂ ಮಿಗಿಲಾಗಿ ಇದನ್ನು ಕುರಿತು ಶೋಧನೆ ನಡೆಸಿದ್ದಾರೆ. ಅವರು ಕಂಡುಕೊಂಡುದೇನು ಎಂಬುದನ್ನು ತಿಳಿಯುವುದು ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದೆಂದರೆ, ಸೀಸೆಯನ್ನು ಸಂಶಯದಿಂದ ನೋಡುವ ಕಣ್ಣನ್ನು ಅದೇ ಮನೆಯ ನಡುಮನೆಯಲ್ಲಿರುವ ಎಲೆಯಡಿಕೆಯ ತಟ್ಟೆಯ ಕಡೆಗೂ ಒಮ್ಮೆ ತಿರುಗಿಸುವುದು.

ಸೀಸೆಯ ಪೂರ್ವಚರಿತ್ರೆ

ಬಾಯಿ ಮುಕ್ಕಳಿಸುವ ರೂಢಿ ಈ ನಾಡಿಗೆ ಹೊಸದಲ್ಲ. ಆಯುರ್ವೇದದಲ್ಲಿ ಗಂಡೂಷ, ಕವಲ ಎಂಬ ವಿಧಿಗಳುಂಟು. ಎಣ್ಣೆಯನ್ನೋ ಕಷಾಯವನ್ನೋ ಬಾಯಲ್ಲಿ ತುಂಬಿಕೊಂಡು ಉಗುಳುವ ಕ್ರಮವದು. ಸೀಸೆಯಲ್ಲಿ ಮಾರಾಟವಾಗುವ ಇಂದಿನ ದ್ರವದ ಮೂಲ ಮಾತ್ರ ಅಮೆರಿಕೆಯದು. 1879ರಲ್ಲಿ ಸೇಂಟ್ ಲೂಯಿಸ್ ನಗರದ ಜೋಸೆಫ್ ಲಾರೆನ್ಸ್ ಎಂಬ ವೈದ್ಯನು ಒಂದು ನಂಜುನಿವಾರಕ ದ್ರವವನ್ನು ಸಿದ್ಧಪಡಿಸಿದನು. ಶಸ್ತ್ರಚಿಕಿತ್ಸೆಯಲ್ಲಿ ನಂಜುನಿವಾರಕಗಳ ಬಳಕೆಯನ್ನು ಬೆಳಕಿಗೆ ತಂದ ಜೋಸೆಫ್ ಲಿಸ್ಟರನ ಗೌರವಾರ್ಥವಾಗಿ ಅದಕ್ಕೆ ಲಿಸ್ಟರಿನ್ ಎಂಬ ಹೆಸರಾಯಿತು. 1920ರ ದಶಕದಲ್ಲಿ ಜಾಹೀರಾತುಗಾರರು ಬಾಯಿಯ ದುರ್ವಾಸನೆಗೆ ಲ್ಯಾಟಿನಿನಿಂದ ಬಂದ ಘನವಾದ ಹೆಸರೊಂದನ್ನು ಹುಡುಕಿ ತೆಗೆದು, ದುರ್ವಾಸನೆಯಿದ್ದರೆ ಮದುವೆಯೇ ಆಗದೆಂದು ಕನ್ಯೆಯರನ್ನು ಹೆದರಿಸಿದರು. ಭಯ ಹುಟ್ಟಿತು, ಭಯದ ಬೆನ್ನಿಗೆ ವ್ಯಾಪಾರವೂ ಬೆಳೆಯಿತು.

ಹಳೆಯ ಕ್ರಮದಲ್ಲಿ ತಯಾರಾದ ಆ ದ್ರವದಲ್ಲಿ ನೂರಕ್ಕೆ ಸುಮಾರು 27 ಪಾಲು ಮದ್ಯಸಾರವಿತ್ತು. ಎಣ್ಣೆಯ ಸ್ವಭಾವದ ಸುಗಂಧದ್ರವ್ಯಗಳು ನೀರಿನಲ್ಲಿ ಕರಗವು. ಅವನ್ನು ಕರಗಿಸಲು ಮದ್ಯಸಾರ ಬೇಕು. ಸಂಶಯ ಮೊಳೆತದ್ದು ಇಲ್ಲಿಯೇ.

ಸಂಶಯಕ್ಕೆ ಕಾರಣ

ಮದ್ಯಪಾನದಿಂದ ಬಾಯಿಯ ಕ್ಯಾನ್ಸರ್ ಉಂಟಾಗುತ್ತದೆ ಎಂಬುದರಲ್ಲಿ ವೈದ್ಯಲೋಕಕ್ಕೆ ಸಂದೇಹವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಮದ್ಯಸಾರವು ಬಾಯಿಯನ್ನು ಮುಟ್ಟಿದೊಡನೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತವೆ. ಜೀವಕೋಶಗಳ ವಂಶವಾಹಿಗೆ ಪೆಟ್ಟು ಕೊಡುವ ವಸ್ತುವದು. ಕುಡಿದರೆ ಕೇಡು ಮಾಡುವ ವಸ್ತು ಮುಕ್ಕಳಿಸಿದರೆ ಮಾಡದೆ ಬಿಟ್ಟೀತೆ? ಪ್ರಶ್ನೆ ನ್ಯಾಯವಾದುದೇ.

1991ರಲ್ಲಿ ಅಮೆರಿಕೆಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ತಮ್ಮ ಶೋಧನೆಯ ಫಲವನ್ನು ಪ್ರಕಟಿಸಿದಾಗ ಕೋಲಾಹಲವೇ ಆಯಿತು. ನಿಯತವಾಗಿ ಮುಕ್ಕಳಿಸುವವರಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ಗಂಡಸರಿಗೆ ಶೇಕಡಾ 40ರಷ್ಟು, ಹೆಂಗಸರಿಗೆ ಶೇಕಡಾ 60ರಷ್ಟು ಹೆಚ್ಚಾಗಿ ಕಂಡಿತ್ತು. ಈ ಹೆಚ್ಚಳವು ಮದ್ಯಸಾರ ನೂರಕ್ಕೆ 25 ಅಥವಾ ಅದಕ್ಕೂ ಮೀರಿದ್ದ ದ್ರವಗಳನ್ನು ಬಳಸಿದವರಲ್ಲಿ ಮಾತ್ರ ಕಂಡದ್ದೆಂಬುದು ಗಮನಾರ್ಹ.

ಆಕ್ಷೇಪಣೆಗಳು ಬರಲು ತಡವಾಗಲಿಲ್ಲ. ಸಿಗರೇಟು ಸೇದುವವರೂ ಕುಡಿಯುವವರೂ ವಾಸನೆ ಮುಚ್ಚಲು ಇತರರಿಗಿಂತ ಹೆಚ್ಚಾಗಿ ಮುಕ್ಕಳಿಸುತ್ತಾರಲ್ಲವೆ? ಹಾಗಿದ್ದರೆ ಅಪರಾಧ ಸಿಗರೇಟಿನದೋ ಸೀಸೆಯದೋ ಎಂದು ಬೇರ್ಪಡಿಸುವುದು ಹೇಗೆ? ಅದೇ ಸಂಸ್ಥೆಯವರು ಪೋರ್ಟೊ ರಿಕೋ ದ್ವೀಪದಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಇನ್ನೊಂದು ಶೋಧನೆಯಲ್ಲಿ ಒಟ್ಟಾರೆಯಾಗಿ ಅಂಥ ಅಪಾಯ ಗೋಚರಿಸಲಿಲ್ಲ. 2012ರಲ್ಲಿ 18 ಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ ಸೀಸೆಯ ಮೇಲಿನ ಆರೋಪ ರುಜುವಾತಾಗಲಿಲ್ಲ.

2016ರಲ್ಲಿ ಹನ್ನೆರಡು ಶೋಧನೆಗಳ ಮೂಲ ವಿವರಗಳನ್ನೇ ಒಂದೆಡೆ ತಂದು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಪೀಡಿತರಾದ 8,981 ಮಂದಿಯನ್ನು ರೋಗವಿಲ್ಲದ 10,090 ಮಂದಿಯೊಡನೆ ಹೋಲಿಸಿ ನೋಡಲಾಯಿತು. ಸಾಧಾರಣವಾಗಿ ಬಳಸುವವರಲ್ಲಿ ಅಪಾಯದ ಹೆಚ್ಚಳ ಕಾಣಲಿಲ್ಲ. 35 ವರ್ಷಗಳಿಗೂ ಮೀರಿ ಬಳಸಿದವರಲ್ಲಿ ಶೇಕಡಾ 15ರಷ್ಟು, ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇಕಡಾ 31ರಷ್ಟು ಹೆಚ್ಚಳ ಕಂಡಿತು. ಒಟ್ಟಿನಲ್ಲಿ ಹೇಳುವುದಾದರೆ ಸೀಸೆ ಪೂರ್ಣ ನಿರ್ದೋಷಿಯೆಂದು ಬಿಡುಗಡೆ ಹೊಂದಿಲ್ಲ. ಅಪರಾಧಿಯೆಂದು ಶಿಕ್ಷೆಗೂ ಒಳಗಾಗಿಲ್ಲ. ಮದ್ಯಸಾರದ ದ್ರವವನ್ನು ಹಲವು ವರ್ಷಗಳ ಕಾಲ, ದಿನಕ್ಕೆ ಹಲವು ಬಾರಿ ಬಳಸುವವರು ಎಚ್ಚರದಿಂದಿರಬೇಕು ಎಂಬಷ್ಟು ಮಾತು ಉಳಿಯುತ್ತದೆ.

ತಟ್ಟೆಯಲ್ಲಿ ಕುಳಿತ ವೈರಿ

ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಟ್ಟು ನೋಡಬೇಕು. ಎಲೆಯಡಿಕೆ ಮೆಲ್ಲುವವರ ಬಗೆಗೆ ನಡೆದ ಅನೇಕ ಶೋಧನೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪರಿಶೀಲಿಸಲಾಯಿತು. ಹೊಗೆಸೊಪ್ಪು ಬೆರೆಸಿ ಮೆಲ್ಲುವವರಿಗೆ ಬಾಯಿಯ ಕ್ಯಾನ್ಸರ್ ತಗಲುವ ಸಂಭವ ಇತರರಿಗಿಂತ ಏಳು ಪಟ್ಟಿಗೂ ಹೆಚ್ಚು. ಹೊಗೆಸೊಪ್ಪೇ ಇಲ್ಲದೆ ಮೆಲ್ಲುವವರಿಗೂ ಭಾರತ ಉಪಖಂಡದಲ್ಲಿ ಅದು ಸುಮಾರು ಎರಡೂವರೆ ಪಟ್ಟು. ಸೀಸೆಯ ಅಪಾಯ ಶೇಕಡಾವಾರಿನಲ್ಲಿ ಎಣಿಸತಕ್ಕದ್ದು. ತಟ್ಟೆಯ ಅಪಾಯ ಪಟ್ಟುಗಳಲ್ಲಿ ಎಣಿಸತಕ್ಕದ್ದು. ಸೀಸೆಗೆ ಹೆದರಿ ತಟ್ಟೆಗೆ ಕೈ ನೀಡುವವನು ಇರುವೆಗೆ ಹೆದರಿ ಹಾವಿನ ಹುತ್ತದ ಮೇಲೆ ಕುಳಿತವನಂತೆ.

ದಾವಣಗೆರೆಯಲ್ಲಿ ಈ ಮಾತನ್ನಾಡುವುದು ಸುಲಭವಲ್ಲ. ಜಿಲ್ಲೆಯ ಚನ್ನಗಿರಿ ಸೀಮೆಗೆ ಅಡಿಕೆಯೇ ಲಕ್ಷ್ಮಿ. ಭದ್ರೆಯ ನೀರು ಹರಿದಲ್ಲೆಲ್ಲ ತೋಟಗಳು ತಲೆಯೆತ್ತಿವೆ. ರಾಶಿ ಅಡಿಕೆಯ ಧಾರಣೆ ಏರಿದರೆ ನಗರದ ಜವಳಿ ಅಂಗಡಿಗಳಲ್ಲಿಯೂ ಕಳೆ ಏರುತ್ತದೆ. ಮಕ್ಕಳ ಓದು, ಮದುವೆ, ಮನೆ ಕಟ್ಟುವ ಕೆಲಸ ಎಲ್ಲವೂ ಆ ಕೊನೆಯ ಮೇಲೆಯೇ ನಿಂತಿವೆ. ಮಂಗಳಕಾರ್ಯದಲ್ಲಿ ತಾಂಬೂಲವಿಲ್ಲದೆ ಮಾತು ನಡೆಯದು. ಆದರೆ ದೇವರ ಮುಂದೆ ಇಡುವ ಅಡಿಕೆ, ಮುತ್ತೈದೆಯ ಮಡಿಲು ತುಂಬುವ ಅಡಿಕೆ ಯಾರಿಗೂ ರೋಗ ತಂದಿಲ್ಲ. ರೋಗ ತರುವುದು ದವಡೆಯ ಸಂದಿಯಲ್ಲಿ ಗಂಟೆಗಟ್ಟಲೆ ಕುಳಿತ ಅಡಿಕೆ. ಬೆಳೆಗಾರನ ಜೀವನೋಪಾಯದ ಪ್ರಶ್ನೆ ನಿಜವಾದುದು. ಮೆಲ್ಲುವವನ ಜೀವದ ಪ್ರಶ್ನೆಯೂ ಅಷ್ಟೇ ನಿಜವಾದುದು. ಮೊದಲನೆಯದನ್ನು ಗೌರವಿಸಲು ಎರಡನೆಯದನ್ನು ಮರೆಮಾಚಬೇಕಾಗಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲಿ ಅಡಿಕೆಯನ್ನೇ, ಹೊಗೆಸೊಪ್ಪಿನ ನೆರವಿಲ್ಲದೆಯೂ, ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದರು.

ದಾವಣಗೆರೆಯ ಹತ್ತಿಯ ಗಿರಣಿಗಳು ಹೆಸರುವಾಸಿಯಾಗಿದ್ದ ಕಾಲವೊಂದಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೂರದೂರಕ್ಕೆ ಹೋಗುತ್ತಿದ್ದವು. ಹತ್ತಿಯ ನಡುವೆ ಬೀಡಿ ಹಚ್ಚುವಂತಿಲ್ಲ. ದವಡೆಯಲ್ಲಿ ಇಟ್ಟ ಹೊಗೆಸೊಪ್ಪಿಗಾದರೋ ಬೆಂಕಿ ಬೇಡ. ಆ ಗಿರಣಿಗಳ ಸದ್ದು ಅಡಗಿತು, ಆ ಕಾರ್ಖಾನೆಯೂ ಮುಚ್ಚಿತು. ದವಡೆಯ ಚಟ ಮಾತ್ರ ಉಳಿದುಕೊಂಡು, ಹೊಳೆಯುವ ಚೀಟಿನ ರೂಪ ತಾಳಿತು. ಕರ್ನಾಟಕ ಸರ್ಕಾರವು 2013ರ ಮೇ ತಿಂಗಳಿನಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅದರ ಮೇಲೆ ಪಾನ್ ಮಸಾಲ ಒಂದು ಚೀಟಿನಲ್ಲಿಯೂ ಹೊಗೆಸೊಪ್ಪು ಇನ್ನೊಂದು ಚೀಟಿನಲ್ಲಿಯೂ ಬರತೊಡಗಿದವು. ಕೊಂಡವನು ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಂಡರಾಯಿತು. ರಂಗೋಲಿಯ ಕೆಳಗೆ ನುಸುಳುವ ಜಾಣ್ಮೆ ಇದು! 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 16 ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು.

ಬಾಯಿ ಬಿಗಿಯುವ ರೋಗ

ಅಡಿಕೆ ಕೆಡುಕು ಮಾಡುವ ಬಗೆ ವಿಚಿತ್ರವಾದುದು. ಅದರಲ್ಲಿರುವ ಅರಿಕೋಲಿನ್ ಎಂಬ ಕ್ಷಾರವಸ್ತುವು ಕೆನ್ನೆಯ ಒಳಪದರದ ಕೆಳಗೆ ನಾರನ್ನು ನೇಯುವ ಕಣಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶವು ಆ ನಾರನ್ನು ಗಟ್ಟಿಯಾಗಿ ಹೆಣೆಯಲು ನೆರವಾಗುತ್ತದೆ. ಮೃದುವಾದ ಕೆನ್ನೆ ಕ್ರಮೇಣ ಚರ್ಮದ ಪಟ್ಟಿಯಂತೆ ಬಿಗಿಯುತ್ತದೆ, ಒಳಮೈ ಬಿಳಿಚಿಕೊಳ್ಳುತ್ತದೆ. ಈ ವ್ಯಾಧಿಯನ್ನು ಭಾರತದಲ್ಲಿ 1953ರಲ್ಲಿ ಜೋಶಿ ಎಂಬ ವೈದ್ಯರು ವಿವರಿಸಿದರು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷಗಳ ಕಾಲ ಅವಲೋಕಿಸಿದಾಗ ಅವರಲ್ಲಿ ಶೇಕಡಾ 7.6 ಮಂದಿಗೆ ಕ್ಯಾನ್ಸರ್ ತಲೆದೋರಿತೆಂದು 1985ರಲ್ಲಿ ವರದಿಯಾಯಿತು. ಬಿಗಿದ ಕೆನ್ನೆ ಚಟ ಬಿಟ್ಟರೂ ಮೊದಲಿನಂತೆ ಸಡಿಲುವುದಿಲ್ಲ. ಆದುದರಿಂದ ಬಿಗಿಯುವ ಮೊದಲೇ ಬಿಡುವುದು ಮೇಲು.

ಇದರ ಮೊದಲ ಲಕ್ಷಣವನ್ನು ಗುರುತಿಸಲು ದಾವಣಗೆರೆಯವರಿಗೆ ಯಂತ್ರ ಬೇಕಿಲ್ಲ. ಮಂಡಕ್ಕಿ ಮೆಣಸಿನಕಾಯಿಯನ್ನು ನಗುನಗುತ್ತ ತಿನ್ನುತ್ತಿದ್ದ ಇಪ್ಪತ್ತರ ತರುಣನು ಇದ್ದಕ್ಕಿದ್ದಂತೆ ಖಾರ ಸಹಿಸದೆ ಬಾಯಿ ಉರಿಯೆಂದು ತಟ್ಟೆ ಸರಿಸಿದರೆ ಹಿರಿಯರು ಗಮನಿಸಬೇಕು. ಬಾಯಿ ಅಗಲಿಸಿ ತನ್ನವೇ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ನಿಲ್ಲಿಸಲು ಸಾಧ್ಯವೇ ಎಂದು ನೋಡಬೇಕು. ಮೂರು ಬೆರಳಿಗೆ ಎಡೆಯಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಇತರ ಲಕ್ಷಣಗಳೂ ಉಂಟು. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಒರಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಜೋಮು ಹಿಡಿದ ತುಟಿ ಅಥವಾ ನಾಲಗೆ, ಕುತ್ತಿಗೆಯಲ್ಲಿ ಗಂಟು. ಮೊದಮೊದಲು ಇವು ನೋಯುವುದಿಲ್ಲ, ನೋವಿಲ್ಲದಿರುವುದೇ ಮೋಸ. ತಿರುವನಂತಪುರದ ಸುತ್ತ 1996ರಲ್ಲಿ ಆರಂಭವಾದ ಒಂದು ದೊಡ್ಡ ಪ್ರಯೋಗದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಬಿಟ್ಟು ಜನರ ಬಾಯಿಯನ್ನು ಪರೀಕ್ಷಿಸಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಚಟವುಳ್ಳವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಕೇವಲ ಕಣ್ಣಿನ ನೋಟಕ್ಕೆ ಅಷ್ಟು ಶಕ್ತಿಯುಂಟು. ದಾವಣಗೆರೆಯಲ್ಲಿ ಎರಡು ದಂತವೈದ್ಯ ಕಾಲೇಜುಗಳಿವೆ; ಅವುಗಳಲ್ಲಿ ಬಾಪೂಜಿ ದಂತವೈದ್ಯ ಕಾಲೇಜು 1979ರಿಂದಲೂ ನಡೆದು ಬಂದಿದೆ. ಹರಿಹರದಿಂದ ಬರುವವರಿಗೂ ಅದು ಮೂರು ನಾಲ್ಕು ಹರದಾರಿಯ ಹಾದಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ.

ಹಾಗಾದರೆ ಸೀಸೆಯ ಗತಿ?

ಸೀಸೆಯನ್ನು ಬೀದಿಗೆ ಎಸೆಯಬೇಕಾಗಿಲ್ಲ; ಅದರ ಸ್ಥಾನವನ್ನು ತಿಳಿದರೆ ಸಾಕು. ಕೊಳ್ಳುವಾಗ ಚೀಟಿಯನ್ನು ಓದಿ ಮದ್ಯಸಾರವಿಲ್ಲದ್ದನ್ನು ಆರಿಸಿಕೊಳ್ಳುವುದು ಜಾಣತನ. ಬ್ರಷ್ಷಿನ ಕೆಲಸವನ್ನು ಯಾವ ದ್ರವವೂ ಮಾಡಲಾರದು. ಕ್ಲೋರ್‌ಹೆಕ್ಸಿಡಿನ್ ಉಳ್ಳ ದ್ರವವು ವಸಡಿನ ರೋಗಕ್ಕೆ ಒಳ್ಳೆಯ ಔಷಧವೇ ಆದರೂ, ಹೆಚ್ಚು ಕಾಲ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹತ್ತುತ್ತದೆ, ನಾಲಗೆಯ ರುಚಿ ಕೆಡುತ್ತದೆ. ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸತಕ್ಕದ್ದು. ಆರು ವರ್ಷದೊಳಗಿನ ಮಕ್ಕಳು ನುಂಗಿಬಿಡುವ ಭಯವಿರುವುದರಿಂದ ಅವರಿಗೆ ಕೊಡಬಾರದು. ಊಟವಾದ ಮೇಲೆ ಬರಿಯ ನೀರಿನಿಂದ ಚೆನ್ನಾಗಿ ಮುಕ್ಕಳಿಸುವ ಹಳೆಯ ರೂಢಿಗೆ ಇಂದಿಗೂ ಬೆಲೆಯುಂಟು. ವಸಡು ನೊಂದಾಗ ಉಗುರುಬೆಚ್ಚಗಿನ ಉಪ್ಪುನೀರು ಹಿತಕರ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೊಂದಿದೆ. ಬಾಯಿಯ ದುರ್ವಾಸನೆಯು ನಾಲಗೆಯ ಮೇಲಿನ ಅಗರು, ಹುಳುಕು ಹಲ್ಲು, ಕೀವಾದ ವಸಡು, ಒಣಗಿದ ಬಾಯಿ ಇವುಗಳ ಸೂಚನೆ. ಒಮ್ಮೊಮ್ಮೆ ಕೊಳೆತ ಹುಣ್ಣಿನದೂ ಆಗಬಹುದು. ಅದು ಶರೀರವು ಕಳುಹಿಸಿದ ಕಾಗದ. ಸುಗಂಧದ್ರವ ಸುರಿದು ಆ ಕಾಗದದ ಅಕ್ಷರಗಳನ್ನು ಅಳಿಸಿದರೆ ಸಮಾಚಾರವೇನೂ ಬದಲಾಗದು. ಮನೆಯ ಹುಡುಗನು ಹೊತ್ತಲ್ಲದ ಹೊತ್ತಿನಲ್ಲಿ, ಹೊರಗಿನಿಂದ ಬಂದೊಡನೆ ಸೀಸೆಯನ್ನು ಹುಡುಕುವನಾದರೆ, ಮುಚ್ಚಿಡಲು ಅವನಲ್ಲಿ ಏನೋ ಇದೆಯೆಂದೇ ತಿಳಿಯಬೇಕು. ಗದರಿದರೆ ಅವನು ಇನ್ನಷ್ಟು ಮುಚ್ಚಿಡುವನು. ಪಕ್ಕದಲ್ಲಿ ಕೂರಿಸಿಕೊಂಡು, “ಬಾಯಿ ತೆಗೆಯಪ್ಪಾ, ಮೂರು ಬೆರಳು ಹಿಡಿಯುತ್ತದೆಯೇ ನೋಡೋಣ” ಎನ್ನುವ ತಂದೆ, ಆ ಮಾತಿಗೆ ಮೊದಲು ತನ್ನ ದವಡೆಯ ಎಲೆಯಡಿಕೆಯನ್ನು ಉಗುಳಿ ಬಂದಿದ್ದರೆ, ಅವನ ಮಾತಿಗೆ ಬೆಲೆ ಬರುತ್ತದೆ.